ಬೋರ್ಡ್ ಹೋಗಿದೆ ಅನ್ನುವ ಮೊದಲು ಜಾಲರಿ ನೋಡಿ

ಪ್ರಶ್ನೆ: ಅಣ್ಣಾರಿಗೆ ನಮಸ್ಕಾರ. ನಾವು ಕಲಬುರಗಿಯ ಸೇಡಂ ರಸ್ತೆ ಕಡೆ ಇರುತ್ತೇವೆ. ನಮ್ಮದು 7 ಕೆಜಿಯ ಟಾಪ್ ಲೋಡ್ ಫುಲ್ ಆಟೋಮ್ಯಾಟಿಕ್ ಮಷೀನು. ತಗೊಂಡು 6 ವರ್ಷ ಆಯಿತು. ಬೋರಿನ ನೀರು, ಮಷೀನು ಮಾಳಿಗೆ ಮೇಲೆ ತಗಡಿನ ಶೆಡ್ಡಿನಲ್ಲಿದೆ. ಎರಡು ತಿಂಗಳಿಂದ ನೀರು ತುಂಬೋಕೆ ಮುಕ್ಕಾಲು ಗಂಟೆ ಹಿಡಿಯುತ್ತಿದೆ, ನಡುವೆ ಬೀಪ್ ಬೀಪ್ ಅಂತ ನಿಂತುಬಿಡುತ್ತದೆ. ಈಗ ಹದಿನೈದು ದಿನದಿಂದ ಕೆಲವು ಸಲ ನೀರು ಹೊರಗೆ ಹೋಗುವುದಿಲ್ಲ. ಹೋದರೂ ಸ್ಪಿನ್ ಶುರುವಾಗುವಾಗ ದಡಬಡ ಕುಣಿದು ನಿಲ್ಲುತ್ತದೆ. ಮೆಕ್ಯಾನಿಕ್ ಬಂದು ಹತ್ತು ನಿಮಿಷ ನೋಡಿ, "ಬೋರ್ಡ್ ಹೋಗ್ಯಾದ್ರೀ, 6,500 ಆಗ್ತದ. ಈ ಮಾಡೆಲ್ ಪಾರ್ಟ್ ಇಲ್ಲಿ ಸಿಗಂಗಿಲ್ಲ, ಹೊಸಾದು ತಗೋರಿ" ಅಂದ. ಹೊಸದು ತಗೋಬೇಕಾ? ಪಾರ್ಟ್ ಎಲ್ಲಿ ಸಿಗುತ್ತದೆ?

ಉತ್ತರ: ಅಕ್ಕಾವ್ರೆ, ಹೊಸ ಮಷೀನು ಸದ್ಯಕ್ಕೆ ಬೇಡ. ಬೋರ್ಡೂ (ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕಿಟ್) ಬೇಡ ಅಂತ ನನಗೆ ಅನ್ನಿಸುತ್ತಿದೆ.

ಯಾಕೆ ಅಂದರೆ, ಆ ಬೀಪ್ ಬೀಪ್ ಅಂದಿದ್ದೇ ಬೋರ್ಡು. ನೀರಿನ ವಾಲ್ವ್ ತೆರೆದು, ಗಡಿಯಾರ ನೋಡುತ್ತಾ ಕೂತು, "ಇಷ್ಟು ಹೊತ್ತಾದರೂ ನೀರು ಮಟ್ಟ ಮುಟ್ಟಲಿಲ್ಲ" ಅಂತ ಲೆಕ್ಕ ಹಾಕಿ, ಮಷೀನು ನಿಲ್ಲಿಸಿ ನಿಮ್ಮನ್ನು ಕರೆದಿದೆ. ಇಷ್ಟೆಲ್ಲ ಮಾಡುವ ಬೋರ್ಡ್ ಸತ್ತಿಲ್ಲ. ಬೋರ್ಡ್ ನಿಜವಾಗಿ ಹೋದರೆ ಬಟನ್ ಒತ್ತಿದರೂ ದೀಪ ಹತ್ತುವುದಿಲ್ಲ. ಇಲ್ಲವೇ ಲೈಟೆಲ್ಲ ಒಟ್ಟಿಗೆ ಮಿಣುಕುತ್ತವೆ. ಇಲ್ಲವೇ ನೀರು ಸರಿಯಾಗಿ ತುಂಬಿದ ಮೇಲೂ ಮೋಟರಿಗೆ ಕರೆಂಟೇ ಹೋಗುವುದಿಲ್ಲ.

ನಿಮ್ಮ ಮಷೀನಿನ ಪರದೆ ಮೇಲೆ ಯಾವ ಅಕ್ಷರ ಬಂತು ಅಂತ ಬರೆದಿಲ್ಲ. ಮುಂದಿನ ಸಲ ಬೀಪ್ ಅಂದಾಗ ಆಫ್ ಮಾಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಎಲ್‌ಜಿ ಮಷೀನಿನಲ್ಲಿ ಐಇ ಅಂದರೆ ನೀರು ಬರುತ್ತಿಲ್ಲ, ಓಇ ಅಂದರೆ ನೀರು ಹೋಗುತ್ತಿಲ್ಲ, ಯುಇ ಅಂದರೆ ಬಟ್ಟೆ ಒಂದೇ ಕಡೆ ಸೇರಿ ತೂಕ ತಪ್ಪಿದೆ ಅಂತ. ಸ್ಯಾಮ್‌ಸಂಗ್‌ನಲ್ಲಿ 4ಸಿ ಅಥವಾ 4ಇ ನೀರು ಬರುವುದಕ್ಕೆ, 5ಸಿ ಅಥವಾ 5ಇ ನೀರು ಹೋಗುವುದಕ್ಕೆ. ಬೇರೆ ಕಂಪನಿಯದಾದರೆ ಮಷೀನಿನ ಜೊತೆ ಬಂದ ಪುಸ್ತಕದ ಕೊನೆಯ ಪುಟಗಳಲ್ಲಿ ಇರುತ್ತದೆ. ಆ ಪುಸ್ತಕವನ್ನು ಎಲ್ಲರೂ ದೇವರ ಮನೆಯ ಕಪಾಟಿನಲ್ಲಿ ಭದ್ರವಾಗಿಟ್ಟು ಮರೆತಿರುತ್ತಾರೆ. ಒಮ್ಮೆ ತೆಗೆದು ನೋಡಿ.

ಈಗ ಜಾಲರಿ. ಮಷೀನಿನ ಹಿಂದೆ ನೀರಿನ ಪೈಪು ಕೂಡುವ ಜಾಗದಲ್ಲಿ, ವಾಲ್ವಿನ ಬಾಯಿಗೆ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಪ್ಲಗ್ ಕಿತ್ತು ಹಾಕಿ, ಬರೀ ಸ್ವಿಚ್ ಆಫ್ ಸಾಲದು. ನಳ ಬಂದ್ ಮಾಡಿ. ಪೈಪಿನ ನಟ್ಟನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿ, ಪಾನಾ ಹಾಕಿದರೆ ಪ್ಲಾಸ್ಟಿಕ್ ಮರೆ (ಥ್ರೆಡ್) ಕಿತ್ತುಹೋಗುತ್ತದೆ. ಒಳಗೆ ಜಾಲರಿಯ ನಡುವೆ ಹಿಡಿಯೋಕೆ ಒಂದು ಸಣ್ಣ ಮೂಗು ಇರುತ್ತದೆ. ಚೂಪು ಮೂತಿಯ ಇಕ್ಕಳದಿಂದ ಅದನ್ನು ಹಿಡಿದು ನೇರವಾಗಿ ಎಳೆಯಿರಿ. ನಿಮ್ಮ ಮನೆಯದು ಹೇಗಿರುತ್ತದೆ ಅಂತ ನಾನು ಇಲ್ಲಿಂದಲೇ ಹೇಳಬಲ್ಲೆ. ಬಿಳಿ ಸುಣ್ಣದ ಪದರ, ಅದರ ಮೇಲೆ ಟ್ಯಾಂಕಿನ ಕೆಸರು, ನಡುವೆ ಒಂದೆರಡು ಕಪ್ಪು ಮರಳಿನ ಕಾಳು. ನೂರು ತೂತಿನಲ್ಲಿ ಹತ್ತು ಮಾತ್ರ ತೆರೆದಿರುತ್ತವೆ. ಮುಕ್ಕಾಲು ಗಂಟೆ ಹಿಡಿಯೋದು ಅದಕ್ಕೇ.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಕೆಸರು ಹೋಗುತ್ತದೆ, ಸುಣ್ಣ ಹೋಗುವುದಿಲ್ಲ. ಸುಣ್ಣಕ್ಕೆ ಸಿಟ್ರಿಕ್ ಆಸಿಡ್ ಬೇಕು. ಹೆಸರು ಕೇಳಿ ಹೆದರಬೇಡಿ, ಅದು ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲಿ ನಿಂಬು ಫೂಲ್ ಅಂತ ಕೇಳಿದರೂ ಕೊಡುತ್ತಾರೆ. ಒಂದು ಬಟ್ಟಲು ಬಿಸಿನೀರಿಗೆ ಒಂದು ಚಮಚ ಹಾಕಿ ಜಾಲರಿಯನ್ನು ಅರ್ಧ ಗಂಟೆ ಮುಳುಗಿಸಿಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ತೊಳೆದು ಬೆಳಕಿಗೆ ಹಿಡಿದರೆ ಒಂದೊಂದು ತೂತೂ ಕಾಣಬೇಕು. ನಳದ ಕಡೆಯ ತುದಿಯಲ್ಲೂ ಕೆಲವು ಪೈಪಿಗೆ ಇಂಥದೇ ಇನ್ನೊಂದು ಜಾಲರಿ ಇರುತ್ತದೆ, ಅದನ್ನೂ ನೋಡಿ. ವಾಪಸ್ ಹಾಕುವಾಗ ರಬ್ಬರ್ ವಾಷರ್ ಮರೆಯಬೇಡಿ.

ಒಂದು ಎಚ್ಚರಿಕೆ. "ಜಾಲಿ ತೆಗೆದು ಒಗದ್ರ ನೀರು ಜೋರ್ ಬರ್ತದ್ರೀ" ಅಂತ ಅದನ್ನು ಎಸೆದು ಹೋಗುವ ಮೆಕ್ಯಾನಿಕ್‌ಗಳಿದ್ದಾರೆ. ಎರಡು ವಾರ ನೀರು ಜೋರಾಗೇ ಬರುತ್ತದೆ. ಆಮೇಲೆ ಮರಳಿನ ಕಾಳು ವಾಲ್ವಿನ ರಬ್ಬರ್ ಕೆಳಗೆ ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಕರೆಂಟ್ ಇಲ್ಲದಾಗಲೂ ನೀರು ತೊಟ್ಟಿಕ್ಕುತ್ತಾ ರಾತ್ರಿ ಇಡೀ ಟಬ್ ತುಂಬುತ್ತದೆ.

ಈ ಸುಣ್ಣ ಎಲ್ಲಿಂದ ಬಂತು ಅನ್ನುವುದಕ್ಕೆ ನಮ್ಮ ಕಡೆಯವರಿಗೆ ಪಾಠ ಬೇಕಿಲ್ಲ. ಶಹಾಬಾದ್ ಫರಸಿ ಹಾಕಿದ ಅಡುಗೆಮನೆಯಲ್ಲಿ ನಿಂಬೆಹಣ್ಣಿನ ರಸ ಚೆಲ್ಲಿದರೆ ಏನಾಗುತ್ತದೆ? ಸಣ್ಣಗೆ ನೊರೆ ಬಂದು, ಒರೆಸಿದ ಮೇಲೂ ಆ ಜಾಗ ಮಂಕಾಗಿ ಉಳಿಯುತ್ತದೆ, ಅಲ್ವಾ? ಶಹಾಬಾದ್ ಕಲ್ಲು ಅಂದರೆ ಸುಣ್ಣದ ಕಲ್ಲು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಅದು ಹಾಸಿಕೊಂಡು ಮಲಗಿದೆ, ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದಕ್ಕೇ. ಮಷೀನಿನೊಳಗೆ ಕಟ್ಟುವ ಬಿಳಿ ಹೆಕ್ಕಳವೂ ಅದೇ ಪದಾರ್ಥ, ಕ್ಯಾಲ್ಸಿಯಂ ಕಾರ್ಬೊನೇಟ್. ಮಷೀನಿನ ಕಾಲ ಕೆಳಗೂ ಅದೇ ಕಲ್ಲು, ಹೊಟ್ಟೆಯೊಳಗೂ ಅದೇ ಕಲ್ಲು.

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಗಡಸುತನದ, ಅಂದರೆ ನೀರಿನಲ್ಲಿ ಕರಗಿದ ಸುಣ್ಣದ ಅಂಶದ, ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲವೇ ಇಲ್ಲ ಅಂದರೆ 600ರ ತನಕ ಒಪ್ಪುತ್ತದೆ. ನಡುವೆ 400 ಅಂತಲೇ ಇಟ್ಟುಕೊಳ್ಳಿ. ಟಾಪ್ ಲೋಡ್ ಮಷೀನು ಒಂದು ಸಲದ ಒಗೆತಕ್ಕೆ 100 ಲೀಟರ್ ನೀರು ತಗೊಂಡರೆ, ಅದರಲ್ಲಿ 40 ಗ್ರಾಂ ಸುಣ್ಣದ ಅಂಶ ಒಳಗೆ ಬಂದು ಹೋಗುತ್ತದೆ. ಬಹುಪಾಲು ನೀರಿನ ಜೊತೆಗೇ ಹೊರಗೆ ಹೋಗುತ್ತದೆ ನಿಜ. ಆದರೆ ದಿನಕ್ಕೆ ಚಿಟಿಕೆಯಷ್ಟು ಉಳಿದರೂ 6 ವರ್ಷಕ್ಕೆ ಎಷ್ಟಾಯಿತು ನೋಡಿ.

ನೀರು ಎಷ್ಟು ಗಡಸು ಅಂತ ನೋಡೋಕೆ ಟಿಡಿಎಸ್ ಮೀಟರ್ ತರಬೇಡಿ, ಅದು ಕರಗಿದ ಎಲ್ಲ ಉಪ್ಪನ್ನೂ ಒಟ್ಟಿಗೆ ಎಣಿಸುತ್ತದೆ, ಗಡಸುತನವನ್ನು ಬೇರೆ ತೋರಿಸುವುದಿಲ್ಲ. ಎರಡು ಖಾಲಿ ಬಾಟಲಿ ತಗೊಳ್ಳಿ. ಒಂದಕ್ಕೆ ಅರ್ಧ ಬೋರಿನ ನೀರು, ಇನ್ನೊಂದಕ್ಕೆ ಅರ್ಧ ಆರ್‌ಒ ನೀರು. ಮೈಸೋಪಿನ ಒಂದೇ ಅಳತೆಯ ಚೂರನ್ನು ಎರಡಕ್ಕೂ ತುರಿದು ಹಾಕಿ ಜೋರಾಗಿ ಕುಲುಕಿ. ಒಂದರಲ್ಲಿ ನೊರೆ ಬಾಯಿಯ ತನಕ ಏರುತ್ತದೆ. ಇನ್ನೊಂದರಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಕೆನೆ ತೇಲುತ್ತದೆ. ಆ ಕೆನೆಯೇ ನಿಮ್ಮ ಕಪ್ಪು ಸೀರೆ ಮೇಲೆ ಒಣಗಿದ ಮೇಲೆ ಕಾಣುವ ಬೂದಿ ಬಣ್ಣ.

ನೀರಿನ ಪೈಪಿಗೆ ಸಿಕ್ಕಿಸುವ ಮ್ಯಾಗ್ನೆಟ್ ಬಳೆ ಮಾರುತ್ತಾರೆ, ಅದರ ಮೇಲೆ ನನಗೆ ನಂಬಿಕೆ ಇಲ್ಲ. ಫಾಸ್ಫೇಟ್ ಗುಂಡು ಇರುವ ಸಣ್ಣ ಫಿಲ್ಟರ್ ಸ್ವಲ್ಪ ಕೆಲಸ ಮಾಡುತ್ತದೆ. ಅದು ಸುಣ್ಣವನ್ನು ತೆಗೆಯುವುದಿಲ್ಲ, ಅಂಟದಂತೆ ನೋಡಿಕೊಳ್ಳುತ್ತದೆ. ಗುಂಡು ಕರಗಿದ ಹಾಗೆ ಮತ್ತೆ ತುಂಬಿಸಬೇಕು. ಆದರೆ ಅದನ್ನು ಕೂಡಿಸಿದರೆ ನೀರಿನ ಒತ್ತಡ ಇನ್ನಷ್ಟು ಇಳಿಯುತ್ತದೆ. ನಿಮ್ಮ ಮನೆಗೆ ಅದೇ ತೊಡಕು.

ಯಾಕೆ ಅಂದರೆ ಮಷೀನು ಮಾಳಿಗೆ ಮೇಲಿದೆ ಅಂದಿರಿ. ಟ್ಯಾಂಕೂ ಅಲ್ಲೇ ಪಕ್ಕದಲ್ಲಿ ಮೂರು ಫೂಟಿನ ಕಟ್ಟೆ ಮೇಲೆ ಇರಬಹುದು. ಹೆಚ್ಚಿನ ಫುಲ್ ಆಟೋಮ್ಯಾಟಿಕ್ ಮಷೀನು ಕನಿಷ್ಠ 0.3 ಬಾರ್ ಒತ್ತಡ ಕೇಳುತ್ತವೆ. ಅಂದರೆ ಟ್ಯಾಂಕಿನ ನೀರು ಮಷೀನಿನ ವಾಲ್ವಿಗಿಂತ ಸುಮಾರು 3 ಮೀಟರ್, ಹತ್ತು ಫೂಟು ಮೇಲಿರಬೇಕು. ಕೆಳಗಿನ ಬಚ್ಚಲಲ್ಲಿ ಇಟ್ಟ ಮಷೀನಿಗೆ ಈ ಚಿಂತೆ ಇಲ್ಲ. ಮಾಳಿಗೆ ಮೇಲೆ ಇಟ್ಟವರಿಗೆ ಟ್ಯಾಂಕ್ ತುಂಬಿದ ಬೆಳಗ್ಗೆ ನೀರು ಬರುತ್ತದೆ, ಮಧ್ಯಾಹ್ನ ಟ್ಯಾಂಕ್ ಅರ್ಧವಾದ ಮೇಲೆ ಬರುವುದಿಲ್ಲ. ಜಾಲರಿ ತೊಳೆದ ಮೇಲೆ ಪೈಪಿನ ಮಷೀನ್ ಕಡೆಯ ತುದಿಯನ್ನು ವಾಲ್ವಿನ ಎತ್ತರಕ್ಕೇ ಹಿಡಿದು ಒಂದು 10 ಲೀಟರ್ ಬಕೆಟ್ ತುಂಬಿಸಿ ನೋಡಿ. ಒಂದು ನಿಮಿಷದ ಆಸುಪಾಸು ತುಂಬಿದರೆ ಚಿಂತೆ ಬಿಡಿ. ಮೂರು ನಾಲ್ಕು ನಿಮಿಷ ಹಿಡಿದರೆ ಮಷೀನಿನದು ತಪ್ಪಲ್ಲ, ಟ್ಯಾಂಕಿನದು. ಟ್ಯಾಂಕ್ ಎತ್ತರಿಸುವುದು, ಸಣ್ಣ ಪ್ರೆಶರ್ ಪಂಪು ಕೂಡಿಸುವುದು, ಇಲ್ಲವೇ ಕಡಿಮೆ ಒತ್ತಡದಲ್ಲೂ ತೆರೆಯುವ ಜೀರೋ ಪ್ರೆಶರ್ ವಾಲ್ವ್ ಹಾಕಿಸುವುದು, ಈ ಮೂರರಲ್ಲಿ ವಾಲ್ವ್ ಅಗ್ಗ. ಅಲ್ಲಿಯವರೆಗೆ ಬಕೆಟ್‌ನಿಂದ ನೇರವಾಗಿ ಟಬ್ಬಿಗೆ ನೀರು ಸುರಿದರೂ ನಡೆಯುತ್ತದೆ. ಮಟ್ಟ ಮುಟ್ಟಿದ ಕೂಡಲೇ ಮಷೀನು ತಾನೇ ತಿರುಗುತ್ತದೆ, ನೀರು ಯಾರು ಹಾಕಿದರು ಅಂತ ಕೇಳುವುದಿಲ್ಲ.

ಇನ್ನು ನೀರು ಹೊರಗೆ ಹೋಗದ ವಿಷಯ. ಮೊದಲು ಡ್ರೈನ್ ಪೈಪು ಎಲ್ಲಿ ಹೋಗಿದೆ ನೋಡಿ. ನಮ್ಮಲ್ಲಿ ಮಾರುವ ಬಹಳಷ್ಟು ಟಾಪ್ ಲೋಡ್‌ಗಳಲ್ಲಿ ನೀರೆತ್ತುವ ಪಂಪ್ ಇರುವುದಿಲ್ಲ. ನೀರು ತನ್ನ ಭಾರಕ್ಕೆ ತಾನೇ ಹರಿದು ಹೋಗಬೇಕು. ಅಂಥ ಮಷೀನಿನ ಪೈಪನ್ನು ಹೊಸ್ತಿಲು ದಾಟಿಸಿದರೆ, ಬಚ್ಚಲ ಕಟ್ಟೆ ಹತ್ತಿಸಿದರೆ, ನೀರು ಅರ್ಧ ಹೋಗಿ ನಿಲ್ಲುತ್ತದೆ. ಪೈಪು ನೆಲಕ್ಕೆ ಮಲಗಿರಬೇಕು, ತುದಿ ನೀರಿನಲ್ಲಿ ಮುಳುಗಿರಬಾರದು.

ಪೈಪು ಸರಿ ಇದ್ದರೆ ಕಿವಿ ಕೊಡಿ. ಟಬ್ಬಿನಲ್ಲಿ ನೀರಿದ್ದಾಗ ಬರೀ ಸ್ಪಿನ್ ಆರಿಸಿ ಸ್ಟಾರ್ಟ್ ಒತ್ತಿ, ಮಷೀನಿನ ಕೆಳಭಾಗಕ್ಕೆ ಹತ್ತಿರ ಕೂತು ಕೇಳಿ. ಗಿರ್ರ್ ಅಂತ ಸಣ್ಣ ಸದ್ದು ಕೆಲವು ಸೆಕೆಂಡ್ ಬಂದು ಟಕ್ ಅನ್ನಬೇಕು. ಅದು ಡ್ರೈನ್ ಮೋಟರ್. ಅದು ಒಂದು ತಂತಿ ಎಳೆದು ಡ್ರೈನ್ ವಾಲ್ವನ್ನು ತೆರೆಯುತ್ತದೆ. ಅದೇ ಎಳೆತದಲ್ಲಿ ಕ್ಲಚ್ಚನ್ನೂ ಒಗೆಯುವ ಕಡೆಯಿಂದ ಹಿಂಡುವ ಕಡೆಗೆ ಬದಲಿಸುತ್ತದೆ. ಒಂದೇ ಎಳೆತಕ್ಕೆ ಎರಡು ಕೆಲಸ. ಆದ್ದರಿಂದ ನೀರು ಹೋಗದ ಮಷೀನು ಸ್ಪಿನ್ನೂ ಮಾಡುವುದಿಲ್ಲ. ಸದ್ದು ಬಂದು ನೀರು ಹೋಗದಿದ್ದರೆ ವಾಲ್ವಿನಲ್ಲಿ ಏನೋ ಸಿಕ್ಕಿದೆ. ಸದ್ದೇ ಬರದಿದ್ದರೆ ಮೋಟರ್ ಹೋಗಿರಬಹುದು, ಅಥವಾ ಅದರ ವೈರು.

ವಾಲ್ವಿನಲ್ಲಿ ಏನೇನು ಸಿಗುತ್ತದೆ ಅಂತ ಕೇಳಬೇಡಿ. ಪಿನ್ನು, ಬಳೆ ಚೂರು, ಎರಡು ರೂಪಾಯಿ ನಾಣ್ಯ, ಮಕ್ಕಳ ಕಾಲುಚೀಲ. ಅಂಗಿ ಜೇಬಿನಲ್ಲಿ ಉಳಿದ ಗುಟ್ಕಾ ಚೀಟಿ ಎಲ್ಲಕ್ಕಿಂತ ಮುಂದೆ. ಅದು ತೆಳ್ಳಗೆ ಮಡಚಿಕೊಂಡು ರಬ್ಬರಿನ ಬಾಯಿಗೆ ಸರಿಯಾಗಿ ಅಂಟುತ್ತದೆ. ಚೀಟಿ ತೋರಿಸಿದಾಗ ಮನೆಯ ಗಂಡಸರು ಮಾತಾಡದೆ ಎದ್ದು ಹೋಗುವುದನ್ನು ಬಹಳ ಸಲ ನೋಡಿದ್ದೇನೆ. ವಾಲ್ವ್ ಬಿಚ್ಚುವುದು ಮೆಕ್ಯಾನಿಕ್ ಕೆಲಸ, ಅದನ್ನು ಅವರಿಗೇ ಬಿಡಿ.

ಸ್ಪಿನ್ನಿನ ದಡಬಡಕ್ಕೆ ಮೂರು ಕಾರಣ ಇರಬಹುದು. ಮೊದಲನೆಯದು ನೆಲ. ಮಾಳಿಗೆಗೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ, ಫರಸಿ ಹಾಕಿದ್ದರೂ ಸಮ ಇರುವುದಿಲ್ಲ. ಒಂದು ತಟ್ಟೆಯಲ್ಲಿ ಅಂಚಿನ ತನಕ ನೀರು ತುಂಬಿ ಮಷೀನಿನ ಮೇಲಿಡಿ, ಯಾವ ಕಡೆ ಚೆಲ್ಲುತ್ತದೆ ಗೊತ್ತಾಗುತ್ತದೆ. ಮೂಲೆಯ ಕಾಲನ್ನು ತಿರುಗಿಸಿ ಎತ್ತರಿಸಿ, ಅದರ ಲಾಕ್ ನಟ್ ಬಿಗಿ ಮಾಡಿ. ರಟ್ಟು ಮಡಚಿ ಇಡಬೇಡಿ, ನೀರು ಬಿದ್ದು ಅದು ಮೆತ್ತಗಾಗುತ್ತದೆ.

ಎರಡನೆಯದು ಸಸ್ಪೆನ್ಷನ್ ರಾಡ್. ಟಬ್ಬು ನಾಲ್ಕು ಮೂಲೆಯಿಂದ ನಾಲ್ಕು ರಾಡಿನಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಖಾಲಿ ಟಬ್ಬಿನ ಅಂಚಿಗೆ ಅಂಗೈ ಇಟ್ಟು ಕೆಳಕ್ಕೆ ಒತ್ತಿ ಬಿಡಿ. ಒಂದು ಸಲ ಮೇಲೆ ಬಂದು ನಿಂತರೆ ರಾಡ್ ಚೆನ್ನಾಗಿವೆ. ಮೂರು ನಾಲ್ಕು ಸಲ ಜೋಲಿ ಹೊಡೆದರೆ ಮುಗಿಯಿತು. ಟಬ್ಬು ಒಂದೇ ಕಡೆ ವಾಲಿ ನಿಂತಿದ್ದರೂ ಅಷ್ಟೇ. ಹಾಕಿಸಿದರೆ ನಾಲ್ಕನ್ನೂ ಒಟ್ಟಿಗೆ ಹಾಕಿಸಿ. ಒಂದು ಹೊಸದು ಮೂರು ಹಳೆಯದು ಇದ್ದರೆ ಮತ್ತೆ ಕುಣಿತವೇ.

ಮೂರನೆಯದು ಕೌದಿ. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಈ ಹದಿನೈದು ದಿನದಲ್ಲಿ ಕೌದಿ ಹಾಕಿದ್ದಿರಾ? ಹತ್ತು ಹಳೆ ಸೀರೆ ಒಂದರ ಮೇಲೊಂದು ಹೊಲಿದ ಕೌದಿ ಒಣಗಿದ್ದಾಗಲೇ ಭಾರ. 7 ಕೆಜಿ ಅಂದರೆ ಒಣ ಬಟ್ಟೆಯ ಲೆಕ್ಕ, ಅದೂ ಬಿಡಿ ಬಟ್ಟೆಯದು. ನೀರು ಕುಡಿದ ಕೌದಿ ಬಂಡೆಯ ಹಾಗೆ ಒಂದೇ ಮಗ್ಗುಲಿಗೆ ಕೂಡುತ್ತದೆ. ಮಷೀನು ತೂಕ ತಪ್ಪಿದೆ ಅಂತ ತಿಳಿದು ಮತ್ತೆ ನೀರು ತುಂಬಿ, ಬಟ್ಟೆ ಹರಡಲು ನೋಡಿ, ಮತ್ತೆ ಸ್ಪಿನ್‌ಗೆ ಹೋಗುತ್ತದೆ. ನಿಮ್ಮ ಮಷೀನಿಗೆ ಮತ್ತೆ ನೀರು ತುಂಬೋದು ಅಂದರೆ ಮತ್ತೆ ಮುಕ್ಕಾಲು ಗಂಟೆ. ಕೌದಿಗೆ ಹಳೆಯ ಪದ್ಧತಿಯೇ ಸರಿ, ಕಲ್ಲಿನ ಮೇಲೆ ಕಾಲಿನಿಂದ ತುಳಿಯುವುದು.

ಮೆಕ್ಯಾನಿಕ್ ಮೇಲೆ ಬಹಳ ಸಿಟ್ಟಾಗಬೇಡಿ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಎಂಎಸ್‌ಕೆ ಮಿಲ್ ಕಡೆಯ ಒಂದು ಮನೆ. ಮಷೀನಿಗೆ ನೀರು ತುಂಬುತ್ತಲೇ ಇತ್ತು, ನಿಲ್ಲುತ್ತಿರಲಿಲ್ಲ. ವಾಲ್ವ್ ಬದಲಿಸಿದೆ, ಆಗಲಿಲ್ಲ. "ಬೋರ್ಡ್" ಅಂದುಬಿಟ್ಟೆ. ಹೈದರಾಬಾದ್‌ನಿಂದ ಬೋರ್ಡ್ ತರಿಸಿ ಕೂಡಿಸಿದೆ, ಮತ್ತೆ ಅದೇ ಕತೆ. ಆ ಮನೆಯ ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಾ, "ತಮ್ಮಾ, ಅಲ್ಲಿ ಇಲಿ ಓಡ್ಯಾಡ್ತದ" ಅಂದರು. ಟಬ್ಬಿನ ಕೆಳಗಿನಿಂದ ನೀರಿನ ಮಟ್ಟದ ಸೆನ್ಸರ್ ತನಕ ಒಂದು ತೆಳ್ಳನೆಯ ಗಾಳಿ ನಳಿಕೆ ಹೋಗುತ್ತದೆ. ಟಬ್ಬಿನಲ್ಲಿ ನೀರು ಏರಿದ ಹಾಗೆ ನಳಿಕೆಯ ಗಾಳಿ ಒತ್ತಿಕೊಂಡು ಸೆನ್ಸರಿಗೆ ಲೆಕ್ಕ ಹೇಳುತ್ತದೆ. ಆ ನಳಿಕೆಯಲ್ಲಿ ಇಲಿ ಹಲ್ಲಿನ ಎರಡು ತೂತು. ಗಾಳಿ ಸೋರಿ, ಟಬ್ಬು ತುಂಬಿದ್ದರೂ ಬೋರ್ಡಿಗೆ ಖಾಲಿ ಅಂತಲೇ ಕಾಣುತ್ತಿತ್ತು. ಒಂದು ಗೇಣು ನಳಿಕೆ ಹಾಕಿದೆ, ಸರಿಹೋಯಿತು. ಬೋರ್ಡಿನ ದುಡ್ಡು ನನ್ನ ಮೈಮೇಲೆ ಬಂತು. ಆವತ್ತಿನಿಂದ ಬೋರ್ಡ್ ಅನ್ನುವ ಶಬ್ದ ನನ್ನ ಬಾಯಿಂದ ಕೊನೆಗೇ ಬರುತ್ತದೆ. ನಿಮ್ಮದು ತಗಡಿನ ಶೆಡ್ಡು, ಆದ್ದರಿಂದ ಮಷೀನಿನ ಕೆಳಗಿನ ಇಲಿ ಜಾಲಿ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಹಾಕಿಸಿ. ಬೇಸಿಗೆಯಲ್ಲಿ ನಮ್ಮೂರು 42-43 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಮಧ್ಯಾಹ್ನ ಆ ಕಾವಿನಲ್ಲಿ ಮಷೀನು ಓಡಿಸಿದರೆ ಬೋರ್ಡ್ ನಿಜವಾಗಲೂ ಹೋಗುವ ದಿನ ಹತ್ತಿರ ಬರುತ್ತದೆ. ಬೆಳಗ್ಗೆ ಒಗೆಯಿರಿ.

ಪಾರ್ಟ್ ಸಿಗುವುದಿಲ್ಲ ಅಂದನಲ್ಲ, ಅದು ಅರ್ಧ ನಿಜ. ಯಾವ ಪಾರ್ಟ್ ಅನ್ನುವುದರ ಮೇಲೆ ಹೋಗುತ್ತದೆ. ಕೆಲವು ಪಾರ್ಟಿಗೆ ಕಂಪನಿಯೇ ಇಲ್ಲ. ನೀರಿನ ಪೈಪು, ಡ್ರೈನ್ ಪೈಪು, ಕೆಪಾಸಿಟರ್ (ಮೋಟರ್ ತಿರುಗಲು ಬಲ ಕೊಡುವ ಸಣ್ಣ ಡಬ್ಬಿ), ಬೆಲ್ಟ್, ಬೇರಿಂಗ್, ಸಾಧಾರಣ ಇನ್ಲೆಟ್ ವಾಲ್ವ್ ಇವು ಯಾರದಾದರೂ ನಡೆಯುತ್ತದೆ, ಅಳತೆ ಮತ್ತು ನಂಬರ್ ಕೂಡಬೇಕು ಅಷ್ಟೇ. ಕೆಪಾಸಿಟರ್ ಮೇಲೆ ಎಷ್ಟು ಎಂಎಫ್‌ಡಿ ಅಂತ ಬರೆದಿದೆಯೋ ಅಷ್ಟೇ ತರಬೇಕು, ವೋಲ್ಟ್ ಅದಕ್ಕಿಂತ ಕಡಿಮೆ ಇರಬಾರದು. ಮೋಟರ್ ವೈಂಡಿಂಗ್ ಅಂಗಡಿಗಳಲ್ಲಿ ಸಿಗುತ್ತದೆ. ಬೇರಿಂಗಿನ ಅಂಚಿನಲ್ಲಿ 6205, 6206 ಅಂತ ಕೊರೆದಿರುತ್ತದೆ. ಆ ನಂಬರಿನ ಬೇರಿಂಗ್ ಪಂಪ್‌ಸೆಟ್ಟಿಗೂ ಬರುತ್ತದೆ, ಆದ್ದರಿಂದ ವಾಷಿಂಗ್ ಮಷೀನ್ ಅಂಗಡಿಯನ್ನೇ ಹುಡುಕಬೇಕಿಲ್ಲ, ಬೇರಿಂಗ್ ಅಂಗಡಿಗೆ ಹೋಗಿ. ನಮ್ಮೂರ ಸೂಪರ್ ಮಾರ್ಕೆಟ್ ಬಜಾರಿನ ಸುತ್ತ ಒಂದು ಗಂಟೆ ತಿರುಗಿದರೆ ಇದರಲ್ಲಿ ಬಹಳಷ್ಟು ಕೈಗೆ ಸಿಗುತ್ತದೆ. ಹಳೆಯ ಪಾರ್ಟನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಬಾಯಿಮಾತಲ್ಲಿ ಅಳತೆ ಹೇಳಿ ತಂದ ಬೆಲ್ಟು ಒಂದೂ ಕೂತಿದ್ದನ್ನು ನಾನು ನೋಡಿಲ್ಲ.

ಸಸ್ಪೆನ್ಷನ್ ರಾಡ್, ಡ್ರೈನ್ ಮೋಟರ್, ಕ್ಲಚ್, ಬೋರ್ಡ್ ಇವು ಮಾಡೆಲ್ ನೋಡಿ ಬರುವಂಥವು. ಮಷೀನಿನ ಹಿಂದೆ ಅಥವಾ ಮುಚ್ಚಳದ ಹತ್ತಿರ ಒಂದು ಸ್ಟಿಕ್ಕರ್ ಇದೆ. ಅದರ ಫೋಟೋ ಇವತ್ತೇ ತೆಗೆದಿಡಿ, ಬಿಸಿಲಿಗೆ ಅಕ್ಷರ ಅಳಿಸಿಹೋಗುತ್ತವೆ. ಮಾಡೆಲ್ ನಂಬರಿನ ಕೊನೆಯಲ್ಲಿ ಬರುವ ಚುಕ್ಕೆ, ಅಕ್ಷರ ಎಲ್ಲವೂ ಬೇಕು. ಅದು ಬಿಟ್ಟರೆ ಅಣ್ಣನ ಬದಲು ತಮ್ಮನ ಬೋರ್ಡ್ ಬರುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬರೀ ಪಾರ್ಟ್ ಕೊಡುತ್ತೀರಾ ಅಂತ ಮೊದಲು ಕೇಳಿ. ಇಲ್ಲಿ ಇಲ್ಲ ಅಂದರೆ ಹೈದರಾಬಾದ್‌ನ ಕೋಠಿ ಕಡೆ ಬಿಡಿ ಪಾರ್ಟಿನ ಅಂಗಡಿಗಳಿವೆ. ಸ್ಟಿಕ್ಕರಿನ ಫೋಟೋ ಕಳಿಸಿದರೆ ಬಸ್ ಪಾರ್ಸಲ್ಲಿನಲ್ಲಿ ಬರುತ್ತದೆ. ನಾನು ತರಿಸುವುದೂ ಹಾಗೇ.

ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಎರಡು ಮಾತು ನೆನಪಿರಲಿ. ನಮ್ಮ ಊರಿನ ಹೆಸರು 2014ರ ನವೆಂಬರ್ 1ಕ್ಕೆ ಕಲಬುರಗಿ ಆಯಿತು, ಆದರೆ ಎಷ್ಟೋ ಕಡೆ ಇನ್ನೂ ಗುಲ್ಬರ್ಗಾ ಅಂತಲೇ ಇದೆ. ಒಂದರಲ್ಲಿ ಸೆಂಟರ್ ಇಲ್ಲ ಅಂತ ಬಂದರೆ ಇನ್ನೊಂದು ಹೆಸರು ಹಾಕಿ ನೋಡಿ. ಇನ್ನು ಕಸ್ಟಮರ್ ಕೇರ್ ಅಂತ ಹುಡುಕಿದಾಗ ಮೊದಲು ಸಿಗುವ ನಂಬರಿಗೆ ಫೋನ್ ಮಾಡಬೇಡಿ. ಅದರಲ್ಲಿ ಕಳ್ಳರೂ ಇದ್ದಾರೆ. ನಂಬರನ್ನು ವಾರಂಟಿ ಕಾರ್ಡಿನಿಂದಲೇ ತಗೊಳ್ಳಿ. ಹತ್ತು ರೂಪಾಯಿ ಕಳಿಸಿ, ಈ ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಹೇಳಿ.

ಕಂಪನಿ ಪಾರ್ಟೇ ಕೊಡುವುದಿಲ್ಲ ಅಂದರೆ ಸುಮ್ನೆ ಕೂರಬೇಡಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಅಂತ ಒಂದು ಪೋರ್ಟಲ್ ಶುರು ಮಾಡಿದೆ. ಮನೆಬಳಕೆಯ ಸಾಮಾನು ಅದರಲ್ಲಿ ಸೇರಿದೆ. ದೂರು ಕೊಡಬೇಕು ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲು, ಹಳೆಯ ರಸೀದಿ ಕೈಯಲ್ಲಿಟ್ಟುಕೊಂಡು ಮಾತಾಡಿ.

ಸೆಮಿ ಆಟೋಮ್ಯಾಟಿಕ್ ಇರುವವರೂ ಇದೇ ರೀತಿ ಬರೆಯುತ್ತಿರುತ್ತಾರೆ, ಯಾದಗಿರಿ ಕಡೆಯಿಂದ ಜಾಸ್ತಿ. ಅವರದು ಹೆಚ್ಚಾಗಿ ಒಂದೇ ಮಾತು: "ಗುಂಯ್ ಅಂತದ್ರೀ, ತಿರಗ್ಲತ್ತಿಲ್ಲ." ಗುಂಯ್ ಅನ್ನುವ ಮೋಟರ್ ಬದುಕಿದೆ. ಕೆಪಾಸಿಟರ್ ಬಡವಾಗಿರುತ್ತದೆ, ಅಥವಾ ವೋಲ್ಟೇಜ್ ಬಹಳ ಇಳಿದಿರುತ್ತದೆ. ಹಿಂಡುವ ಟಬ್ಬು ತಿರುಗದಿದ್ದರೆ ಪ್ಲಗ್ ಕಿತ್ತು, ಕೈಯಿಂದ ತಿರುಗಿಸಿ. ಮುಚ್ಚಳ ತೆರೆದಾಗ ಬಿಗಿ ಇರಬೇಕು. ಮುಚ್ಚಳ ಒತ್ತುವ ಸಣ್ಣ ಹಲ್ಲನ್ನು ಬೆರಳಿನಿಂದ ಒತ್ತಿಹಿಡಿದರೆ ಸಡಿಲ ಆಗಬೇಕು. ಒತ್ತಿದಾಗಲೂ ಬಿಗಿ ಇದ್ದರೆ ಬ್ರೇಕ್ ತಂತಿ ಸಡಿಲಾಗಿದೆ, ಅಷ್ಟೇ. ಹಿಂದಿನ ಕವರ್ ಬಿಚ್ಚಿದರೆ ಕೆಪಾಸಿಟರ್ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಹೊಡೆಯುತ್ತದೆ.

ಫ್ರಂಟ್ ಲೋಡ್ ಇಟ್ಟವರಿಗೆ ಗಡಸು ನೀರಿನ ಹೊಡೆತ ಇನ್ನೂ ಜಾಸ್ತಿ, ಒಳಗೆ ಹೀಟರ್ ಇದೆ. ನೀರು ಕಾದಷ್ಟೂ ಸುಣ್ಣ ಬೇಗ ಕೂಡುತ್ತದೆ. ಎರಡು ತಿಂಗಳಿಗೊಮ್ಮೆ ಬಟ್ಟೆ ಇಲ್ಲದೆ 100 ಗ್ರಾಂ ನಿಂಬೆ ಉಪ್ಪು ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಅದರ ಜೊತೆ ಬ್ಲೀಚ್ ಮಾತ್ರ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಸ್ಪಿನ್ನಿನಲ್ಲಿ ವಿಮಾನ ಏರಿದ ಹಾಗೆ ಸದ್ದು ಬಂದರೆ ಬೇರಿಂಗ್ ಹೋಗಿದೆ. ಆ ಸದ್ದಿನಲ್ಲೇ ಆರು ತಿಂಗಳು ಓಡಿಸಿದರೆ ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಲೋಹದ ಕವಲೂ ಕೆಡುತ್ತದೆ, ಆಗ ನಿಜಕ್ಕೂ ದೊಡ್ಡ ಖರ್ಚು.

ಇನ್ನು ನಿಮ್ಮ ಹೊಸದಾ ಹಳೆಯದಾ ಪ್ರಶ್ನೆ. ರಿಪೇರಿ ಹೊಸ ಮಷೀನಿನ ಬೆಲೆಯ ಮೂರನೇ ಒಂದು ಪಾಲು ದಾಟಿ, ಮಷೀನೂ ಹತ್ತು ವರ್ಷದ ಹತ್ತಿರ ಬಂದಿದ್ದರೆ ನಾನು ಬಿಟ್ಟುಬಿಡಿ ಅನ್ನುತ್ತೇನೆ. ನಿಮ್ಮದಕ್ಕೆ ಆರೇ ವರ್ಷ. ಜಾಲರಿ ಪುಕ್ಕಟೆ, ಕಾಲು ಎತ್ತರಿಸುವುದು ಪುಕ್ಕಟೆ, ವಾಲ್ವಿನಲ್ಲಿ ಸಿಕ್ಕ ಚೀಟಿ ತೆಗೆಯುವುದಕ್ಕೆ ಮೆಕ್ಯಾನಿಕ್ ಕೂಲಿ ಮಾತ್ರ. ನಾಲ್ಕು ರಾಡ್ ಹಾಕಿಸಿದರೂ 6,500ಕ್ಕೆ ಬಹಳ ದೂರ.

ಮತ್ತೆ ಯಾರಾದರೂ ಬೋರ್ಡ್ ಅಂದರೆ, "ಹಾಕಿ ತೋರಿಸ್ರಿ, ಸರಿಹೋದ್ರ ದುಡ್ಡು" ಅನ್ನಿ. ಕೆಲಸ ಗೊತ್ತಿರುವವನು ಒಪ್ಪುತ್ತಾನೆ. ಬಿಚ್ಚಿದ ಹಳೆಯ ಬೋರ್ಡನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಹೊಸದಕ್ಕೆ ವಾರಂಟಿ ಬರೆದ ಬಿಲ್ಲು ಕೇಳಿ.

ಈ ಭಾನುವಾರ ಮೊದಲು ಜಾಲರಿ ತೆಗೆಯಿರಿ. ಬಕೆಟ್ ಎಷ್ಟು ನಿಮಿಷಕ್ಕೆ ತುಂಬಿತು, ಡ್ರೈನ್ ಮೋಟರಿನ ಗಿರ್ರ್ ಸದ್ದು ಬಂತಾ ಇಲ್ವಾ, ಟಬ್ಬು ಒತ್ತಿ ಬಿಟ್ಟಾಗ ಎಷ್ಟು ಸಲ ಜೋಲಿ ಹೊಡೆಯಿತು, ಈ ಮೂರನ್ನು ಸ್ಟಿಕ್ಕರಿನ ಫೋಟೋ ಜೊತೆ ಬರೆದು ಕಳಿಸಿ. ರಾಡ್ ಬೇಕಾದರೆ ಯಾವ ಅಳತೆಯದು ಅಂತ ನೋಡಿ ಹೇಳುತ್ತೇನೆ.